ಅನ್ನ, ಕತೆ, ನಗೆ



ಭೋಜನಕ್ಕೆ ಮುಂಚೆ ಅನ್ನದ ಮಾತು, ಮನ್ನಿಸಬೇಕು. ತೈತ್ತಿರೀಯೋಪನಿಷತ್ತಿನ ಭೃಗು ಮೊದಲು ಅನ್ನವೇ ಬ್ರಹ್ಮವೆಂದು ಅರಿತ. ಉಣ್ಣುವ, ಬಿಡುವ ಹಕ್ಕು ಯಾರದೆಂಬುದು ನನ್ನ ಪ್ರಶ್ನೆ.

ಇದೇ ಯೆರವಡಾದ ಸೆರೆಮನೆಯಲ್ಲಿ 1932ರ ಸೆಪ್ಟೆಂಬರ್ 20ರಂದು ಗಾಂಧೀಜಿ ಉಪವಾಸ ಹೂಡಿದರು. ದಲಿತರ ಪ್ರತ್ಯೇಕ ಮತಕ್ಷೇತ್ರಗಳ ವಿರುದ್ಧದ ಆ ಉಪವಾಸದ ಭಾರ ಅಂಬೇಡ್ಕರರ ಮೇಲೆ ಬಿತ್ತು; 24ರಂದು ಒಪ್ಪಂದವಾಯಿತು. ಉಣ್ಣದಿರುವುದೂ ಒಂದು ಅಧಿಕಾರವೇ.

ಹಿಂದಿನ ವರ್ಷವಷ್ಟೇ ಲಂಡನ್ನಿನಲ್ಲಿ ಚಾರ್ಲಿ ಚಾಪ್ಲಿನ್ ಗಾಂಧೀಜಿಯೊಡನೆ ಯಂತ್ರಗಳ ಕುರಿತು ಚರ್ಚಿಸಿದ್ದರು. ಅವರ 'ಮಾಡರ್ನ್ ಟೈಮ್ಸ್' (1936) ಚಿತ್ರದಲ್ಲಿ ಊಟದ ಬಿಡುವನ್ನು ಉಳಿಸಲು ಕಾರ್ಮಿಕನಿಗೆ ಯಂತ್ರವೇ ಉಣಿಸುತ್ತದೆ. ಜೋಳದ ತೆನೆ ಗಿರ್ರನೆ ತಿರುಗಿ ಮೋರೆಗೆ ಬಡಿಯುವಾಗ ನಗುತ್ತೇವೆ. 'ಸಾಕು' ಎನ್ನಲೂ ಅವನಿಗೆ ಎಡೆಯಿಲ್ಲ.

ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ (1965) ಶವಸಂಸ್ಕಾರವಾಗುವವರೆಗೆ ಅಗ್ರಹಾರ ಉಣ್ಣುವಂತಿಲ್ಲ. ಹಸಿವು ತಾಳದ ದಾಸಾಚಾರ್ಯ ಪಾರಿಜಾತಪುರಕ್ಕೆ ಹೋಗಿ ಗುಟ್ಟಾಗಿ ತಿನ್ನುತ್ತಾನೆ. ಕಾಲೇಜಿನಲ್ಲಿ ಅದನ್ನೋದಿ ಬಹಳ ನಕ್ಕಿದ್ದೆ. ಈ ಊರಿಗೆ ಬಂದು, ಪಾಳಿಯ ಗಂಟೆಗೆ ಅಂಜಿ ಡಬ್ಬಿಯ ಅನ್ನವನ್ನು ನಿಂತೇ ನುಂಗಿದ ಮೇಲೆ ಅವನು ನನಗೆ ನೆಂಟನಾದ.

ಎಲೆ ಹಾಕಿದ್ದಾರೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ನಿಧಾನವಾಗಿ ಏಳಿರಿ, ಇಂದು ಗಂಟೆ ಹೊಡೆಯುವವರಿಲ್ಲ.