ಮುಪ್ಪಿನ ಹರ್ನಿಯಾ: ಕತ್ತರಿಸಿಯೋ, ರಂಧ್ರದಿಂದಲೋ?

ವಯಸ್ಸಾದವರು ಬಾಯಿಬಿಟ್ಟು ಹೇಳದ ಕಾಯಿಲೆಗಳಲ್ಲಿ ಹರ್ನಿಯಾ ಒಂದು. ತೊಡೆಯ ಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿಕೊಳ್ಳುತ್ತದೆ. ಕೆಮ್ಮಿದರೆ ಉಬ್ಬುತ್ತದೆ, ಮಲಗಿದರೆ ಒಳಕ್ಕೆ ಸರಿಯುತ್ತದೆ. ಸಂಕೋಚದಿಂದ ಮನೆಯವರಿಗೂ ತಿಳಿಸದೆ, ಪಂಚೆಯನ್ನು ಬಿಗಿದುಟ್ಟು ಕಾಲ ತಳ್ಳುವ ಹಿರಿಯರು ಎಷ್ಟೋ ಮಂದಿ. ಒಂದು ದಿನ ವಿಷಯ ಹೊರಬಿದ್ದೊಡನೆ ಮನೆಯಲ್ಲಿ ಚರ್ಚೆ ಮೊದಲಾಗುತ್ತದೆ. “ಈಗೆಲ್ಲ ಮೂರು ತೂತು ಮಾಡಿ ಮುಗಿಸಿಬಿಡುತ್ತಾರೆ, ಅದನ್ನೇ ಮಾಡಿಸೋಣ ಅಪ್ಪ” ಎನ್ನುತ್ತಾನೆ ಮಗ. “ಈ ವಯಸ್ಸಿನಲ್ಲಿ ನನಗೆ ಆಪರೇಷನ್ ಯಾಕಪ್ಪ?” ಎನ್ನುತ್ತಾರೆ ತಂದೆ. ಇಬ್ಬರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ನಿಜವುಂಟು. ಎಷ್ಟೆಂಬುದನ್ನು ನೋಡೋಣ.

ಹೊಟ್ಟೆಯ ಗೋಡೆ ಒಂದೆಡೆ ಸಡಿಲವಾಗಿ, ಒಳಗಿನ ಕೊಬ್ಬು ಇಲ್ಲವೆ ಕರುಳಿನ ತುಣುಕು ಹೊರಕ್ಕೆ ಚಾಚುವುದೇ ಹರ್ನಿಯಾ. ದೊಡ್ಡವರಲ್ಲಿ ಈ ಕಿಂಡಿ ಔಷಧಿಯಿಂದ ಮುಚ್ಚುವುದಿಲ್ಲ. 1884ರಲ್ಲಿ ಇಟಲಿಯ ಬಾಸ್ಸಿನಿ ಎಂಬ ವೈದ್ಯರು ಸಡಿಲವಾದ ಗೋಡೆಯನ್ನು ಪದರಪದರವಾಗಿ ಹೊಲಿದು ಭದ್ರಪಡಿಸುವ ಕ್ರಮವನ್ನು ಆರಂಭಿಸಿದರು. ಎಳೆದು ಹೊಲಿದ ಬಟ್ಟೆ ಮತ್ತೆ ಬಿರಿಯುವುದುಂಟಷ್ಟೆ. ಆದುದರಿಂದ 1980ರ ದಶಕದಲ್ಲಿ ಅಮೆರಿಕದ ಲಿಚ್‌ಟೆನ್‌ಸ್ಟೈನ್ ಅವರು, ಅಂಚುಗಳನ್ನು ಎಳೆಯದೆ ಬಲೆಯಂಥ ಕೃತಕ ಬಟ್ಟೆಯನ್ನು ತೇಪೆ ಹಾಕುವ ವಿಧಾನವನ್ನು ಬಳಕೆಗೆ ತಂದರು. ಇದೇ ಇಂದಿನ ತೆರೆದ ಶಸ್ತ್ರಚಿಕಿತ್ಸೆ. 1990ರ ದಶಕದಲ್ಲಿ ಲ್ಯಾಪರೋಸ್ಕೋಪಿ, ಎಂದರೆ ಸಣ್ಣ ರಂಧ್ರಗಳ ವಿಧಾನ, ಹರಡಿತು. ಅನಿಲ ತುಂಬಿ ಎಡೆ ಮಾಡಿಕೊಂಡು, ಕ್ಯಾಮೆರಾ ಇರುವ ಕೊಳವೆಯನ್ನು ತೂರಿಸಿ ನೋಡುತ್ತ ಕೆಲಸ ನಡೆಸುತ್ತಾರೆ. ಎರಡರಲ್ಲಿಯೂ ಹಾಕುವುದು ತೇಪೆಯೇ. ಒಂದರಲ್ಲಿ ಹೊರಗಿನಿಂದ, ಇನ್ನೊಂದರಲ್ಲಿ ಒಳಗಿನಿಂದ.

ಮಗನ ಮಾತು ಎಲ್ಲಿ ಸರಿ? ರಂಧ್ರದ ವಿಧಾನದಲ್ಲಿ ಮೊದಲ ದಿನಗಳ ನೋವು ಕಡಿಮೆ. ಬೇಗ ಎದ್ದು ಓಡಾಡಬಹುದು. ಎರಡೂ ಕಡೆ ಹರ್ನಿಯಾ ಇದ್ದರೆ ಅವೇ ರಂಧ್ರಗಳಿಂದ ಎರಡನ್ನೂ ಸರಿಪಡಿಸಬಹುದು. ಹಿಂದೆ ತೆರೆದು ಮಾಡಿದ್ದು ಮರುಕಳಿಸಿದ್ದರೂ ಈ ಮಾರ್ಗ ಅನುಕೂಲ.

ಆದರೆ ಗಾಯ ಚಿಕ್ಕದಾದ ಮಾತ್ರಕ್ಕೆ ದೇಹಕ್ಕೆ ಬೀಳುವ ಭಾರವೂ ಚಿಕ್ಕದೆಂದು ತಿಳಿಯಬಾರದು. ಇದಕ್ಕೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು. ತುಂಬಿದ ಅನಿಲದ ಒತ್ತಡವನ್ನು ಹೃದಯ ಮತ್ತು ಶ್ವಾಸಕೋಶಗಳು ತಡೆದುಕೊಳ್ಳಬೇಕು. ಮೊದಲೇ ಪ್ರಾಸ್ಟೇಟ್ ಗ್ರಂಥಿಯ ಇಲ್ಲವೆ ಕಿಬ್ಬೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ಒಳಗಿನ ದಾರಿ ತೊಡಕಾಗುತ್ತದೆ. ತೆರೆದ ವಿಧಾನವನ್ನಾದರೋ ಆ ಭಾಗವನ್ನಷ್ಟೇ ಮರಗಟ್ಟಿಸಿ ಮಾಡಬಹುದು. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಹೃದಯ ದುರ್ಬಲವಾದ ಎಂಬತ್ತರ ಹಿರಿಯರಿಗೆ ಇದು ದೊಡ್ಡ ಅನುಕೂಲ.

ಕೈಚಳಕದ ಪ್ರಶ್ನೆಯೂ ಉಂಟು. ಅಮೆರಿಕದಲ್ಲಿ ಮಾಜಿ ಸೈನಿಕರ 14 ಆಸ್ಪತ್ರೆಗಳಲ್ಲಿ ಎರಡು ವಿಧಾನಗಳನ್ನೂ ಹೋಲಿಸಿ, ಫಲವನ್ನು 2004ರಲ್ಲಿ ಪ್ರಕಟಿಸಿದರು. ಮೊದಲ ಸಲದ ಹರ್ನಿಯಾ ಎರಡು ವರ್ಷಗಳೊಳಗೆ ಮರುಕಳಿಸಿದ್ದು ರಂಧ್ರದ ವಿಧಾನದಲ್ಲಿ ನೂರಕ್ಕೆ 10 ಮಂದಿಗೆ, ತೆರೆದದ್ದರಲ್ಲಿ ಸುಮಾರು 4 ಮಂದಿಗೆ. ಆದರೆ ರಂಧ್ರದ ವಿಧಾನದಲ್ಲಿ 250ಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆ ಮಾಡಿ ಪಳಗಿದ ವೈದ್ಯರಲ್ಲಿ ಈ ಅಂತರ ಬಹುಮಟ್ಟಿಗೆ ಅಳಿದಿತ್ತು. ಉಪಕರಣಕ್ಕಿಂತ ಅದನ್ನು ಹಿಡಿದ ಕೈ ಮುಖ್ಯವೆಂದಾಯಿತು.

ಇನ್ನು ತಂದೆಯ ಮಾತು. ಹೆಚ್ಚು ತೊಂದರೆ ಕೊಡದ ಹರ್ನಿಯಾವನ್ನು ಗಂಡಸರು ವೈದ್ಯರ ಕಣ್ಗಾವಲಿನಲ್ಲಿ ಬಿಟ್ಟು ನೋಡಬಹುದು. ಅಮೆರಿಕದಲ್ಲಿ 720 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಗೆ ಕಾದವರ ಪೈಕಿ ಗಂಟು ಹಠಾತ್ತನೆ ಸಿಕ್ಕಿಕೊಂಡದ್ದು ವರ್ಷಕ್ಕೆ ಸಾವಿರದಲ್ಲಿ ಇಬ್ಬರಿಗೂ ಕಡಿಮೆ. ಆದರೆ ಹತ್ತು ವರ್ಷ ಕಳೆಯುವುದರೊಳಗೆ, 65 ದಾಟಿದವರಲ್ಲಿ ನೂರಕ್ಕೆ 79 ಮಂದಿ ಶಸ್ತ್ರಚಿಕಿತ್ಸೆಗೆ ಬಂದಿರುವರೆಂದು ಅಂದಾಜಾಯಿತು; ಬಹುಮಟ್ಟಿಗೆ ನೋವಿನ ಕಾರಣದಿಂದ. ಕಾಯುವುದು ತಪ್ಪಲ್ಲ, ಮರೆಮಾಚಿ ಕಾಯುವುದು ತಪ್ಪು. ಹೆಂಗಸರಿಗಂತೂ ಈ ಮಾತು ಅನ್ವಯಿಸದು. ವಯಸ್ಸಾದ ಹೆಂಗಸರಲ್ಲಿ ತೊಡೆಯ ಮೇಲ್ಭಾಗದಲ್ಲಿ ಬರುವ ಹರ್ನಿಯಾ ಬೇಗ ಸಿಕ್ಕಿಕೊಳ್ಳುತ್ತದೆ.

ಗಂಟು ಗಟ್ಟಿಯಾಗಿ ಒಳಕ್ಕೆ ಹೋಗದಿದ್ದರೆ, ನೋವು ಹೆಚ್ಚಿ ವಾಂತಿಯಾದರೆ, ಬೆಳಗಾಗಲೆಂದು ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತಸಂಚಾರ ನಿಂತ ಕರುಳು ಗಂಟೆಗಳಲ್ಲಿ ಸಾಯುತ್ತದೆ. ಸಾವಕಾಶವಾಗಿ ದಿನ ಗೊತ್ತುಮಾಡಿ ಮಾಡುವ ಶಸ್ತ್ರಚಿಕಿತ್ಸೆಗಿಂತ, ತುರ್ತಿನದು ಮುಪ್ಪಿನಲ್ಲಿ ಬಹಳ ಅಪಾಯದ್ದು.

ಆದುದರಿಂದ ವೈದ್ಯರ ಬಳಿ ಹೋದಾಗ “ಯಾವುದು ಹೊಸದು?” ಎಂದು ಕೇಳಬೇಡಿ. “ನಮ್ಮ ತಂದೆಯ ಎದೆ ಪೂರ್ಣ ಅರಿವಳಿಕೆಯನ್ನು ತಾಳೀತೆ? ತಾವು ಯಾವ ವಿಧಾನವನ್ನು ಹೆಚ್ಚಾಗಿ ಮಾಡಿದ್ದೀರಿ? ರಕ್ತ ತಿಳಿಯಾಗಿಸುವ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕು?” ಎಂದು ಕೇಳಿರಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಮೂತ್ರಕ್ಕೆ ತಡೆಯಿದ್ದರೆ, ಮಲಬದ್ಧತೆಯಿದ್ದರೆ, ಹಳೆಯ ಕೆಮ್ಮಿದ್ದರೆ ಅವನ್ನೂ ಮುಚ್ಚಿಡದೆ ತಿಳಿಸಿ.

ಇಷ್ಟಾದರೆ ತಂದೆ ಮಕ್ಕಳ ಚರ್ಚೆ ತಾನಾಗಿಯೇ ತೀರುತ್ತದೆ. ಆದರೆ ಅದಕ್ಕೆ ಮೊದಲು, ಹಿರಿಯರು ಸಂಕೋಚ ಬಿಟ್ಟು ಮನೆಯವರೊಡನೆ ಒಂದು ಮಾತು ಆಡಬೇಕು.