ಒಣ ನೆಲದಡಿಯ ವಿದ್ಯುತ್ತು



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆ ಕಡಿಮೆ, ಕಲ್ಲು ಹೆಚ್ಚು. ಇಲ್ಲಿನ ಬಿಸಿಲನ್ನೇ ಬಂಡವಾಳವಾಗಿಸಿಕೊಂಡ ಪಾವಗಡದ ಸೌರ ಉದ್ಯಾನವು 2019ರ ಕೊನೆಗೆ 2050 ಮೆಗಾವಾಟ್ ಸಾಮರ್ಥ್ಯವನ್ನು ಪಡೆಯಿತು. ಆದರೆ ವಿದ್ಯುತ್ತನ್ನು ಹುಟ್ಟಿಸಲು ಒದಗಿಬಂದ ಈ ಒಣ ಸೀಮೆಯಲ್ಲಿ, ಅದನ್ನು ಮನೆಯ ಹಿತ್ತಿಲಿಗೆ ಕ್ಷೇಮವಾಗಿ ಒಯ್ಯುವುದಕ್ಕೆ ಒಂದು ತೊಡಕುಂಟು.

ಮಧುಗಿರಿಯ ನಮ್ಮ ಮನೆಯ ಹಿಂದೆ ನನ್ನದೊಂದು ಮರಗೆಲಸದ ಕೊಟ್ಟಿಗೆಯಿದೆ. ಅಲ್ಲಿಗೆ ಮೂವತ್ತು ಮೀಟರು ದೂರ ನೆಲದಡಿ ಕೇಬಲ್ ಹಾಯಿಸಬೇಕಾಯಿತು. ಗೂಟಗಳ ಮೇಲೆ ತಂತಿ ಎಳೆಯುವುದು ಸುಲಭವೇ ಸರಿ. ಆದರೆ ಗಾಳಿಗೆ ಹರಿದ ತಂತಿ ದನವನ್ನೂ ಉಳಿಸದು, ಮಗುವನ್ನೂ ಉಳಿಸದು.

ನಿಯಮದಂತೆ ಕಂದಕವು ಎರಡೂವರೆ ಅಡಿ, ಅಂದರೆ 75 ಸೆಂಟಿಮೀಟರು ಆಳವಿರಬೇಕು. ತಳಕ್ಕೆ ಮರಳು ಹಾಸಿ, ಉಕ್ಕಿನ ಕವಚವುಳ್ಳ ಕೇಬಲ್ಲನ್ನು ಮಲಗಿಸಿ, ಮತ್ತೆ ಮರಳು ಮುಚ್ಚಿ, ಮೇಲೆ ಇಟ್ಟಿಗೆ ಜೋಡಿಸಬೇಕು. ಮುಂದೆಂದೋ ಹುಣಸೆ ಸಸಿಗೆ ಗುಂಡಿ ತೋಡುವವನ ಹಾರೆಗೆ ಆ ಇಟ್ಟಿಗೆಯೇ ಮೊದಲ ಎಚ್ಚರಿಕೆ. ನಡುವೆ ಬಂಡೆ ಅಡ್ಡಬಂದರೆ ಕೇಬಲ್ಲನ್ನು ಕಬ್ಬಿಣದ ಕೊಳವೆಯೊಳಗೆ ತೂರಿಸಿ ಕಾಂಕ್ರೀಟು ಹಾಕಬೇಕು.

ಇಷ್ಟಾದರೂ ಪ್ರಾಣರಕ್ಷಣೆಯ ಕೆಲಸ ಮುಗಿಯುವುದಿಲ್ಲ. ಯಂತ್ರದ ಲೋಹದ ಮೈಗೆ ವಿದ್ಯುತ್ತು ಸೋರಿದಾಗ ಅದು ಭೂಮಿಗಿಳಿದು ಫ್ಯೂಸು ಹಾರಬೇಕೆಂಬುದು ನಮ್ಮೆಲ್ಲರ ನಂಬಿಕೆ. ನಮ್ಮ ಬೇಸಿಗೆಯ ಮಣ್ಣಿನಲ್ಲಿ ಆ ನಂಬಿಕೆ ಕೈಕೊಡುತ್ತದೆ. ಸೋರಿಕೆಯ ಹಾದಿಯ ಒಟ್ಟು ರೋಧ 20 ಓಮ್ ಆಗಿದ್ದರೆ, 230 ವೋಲ್ಟಿನಲ್ಲಿ ಹರಿಯುವುದು ಹನ್ನೊಂದೂವರೆ ಆಂಪಿಯರು ಮಾತ್ರ. ಹದಿನಾರು ಆಂಪಿಯರಿನ ಫ್ಯೂಸು ಅಲುಗುವುದೂ ಇಲ್ಲ. ಯಂತ್ರ ಓಡುತ್ತಲೇ ಇರುತ್ತದೆ. ಮುಟ್ಟಿದವನು ಮಾತ್ರ ಉಳಿಯಲಾರ.

ಆದುದರಿಂದ ಮನೆಯ ತುದಿಯಲ್ಲಿಯೇ, ಕೇಬಲ್ ಹೊರಡುವಲ್ಲಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಬೇಕು. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಇರುವ ವ್ಯತ್ಯಾಸವನ್ನು ಗುರುತಿಸಿ, ಕಣ್ಣೆವೆ ಮುಚ್ಚುವುದರೊಳಗೆ ಅದು ಸಂಪರ್ಕವನ್ನು ಕಡಿಯುತ್ತದೆ. ಅದರ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಭೂಸಂಪರ್ಕದ ತಂತಿಯೂ ಕೇಬಲ್ಲಿನ ಜೊತೆಗೇ ಬರಬೇಕು. ಉಕ್ಕಿನ ಕವಚವನ್ನೂ ಅದಕ್ಕೆ ಸೇರಿಸಬೇಕು. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರೆರೆಯುವುದನ್ನು ಮರೆಯಬಾರದು. ಜೋಡಣೆಯ ಕೆಲಸವನ್ನಂತೂ ಪರವಾನಗಿ ಪಡೆದ ಗುತ್ತಿಗೆದಾರರಿಗೇ ಒಪ್ಪಿಸಬೇಕು.

ನಮ್ಮ ಕಡೆ ಗುಡಿಕೈಗಾರಿಕೆಗಳು ಮನೆಯಂಗಳದಲ್ಲಿಯೇ ಬೆಳೆಯುತ್ತವೆ. ಯಂತ್ರದ ಸುತ್ತ ಮಕ್ಕಳೂ ಆಡುತ್ತಿರುತ್ತಾರೆ. ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯುವವರು ಈ ಸಣ್ಣ ಪೆಟ್ಟಿಗೆಯ ಬೆಲೆಗೆ ಹಿಂಜರಿಯಬಾರದೆಂದು ನನ್ನ ವಿನಂತಿ.