ನೆರೆಯವನು ಯಾರು?

ಭಾನುವಾರದ ಆರಾಧನೆಯಲ್ಲಿ ಓದುವ ಬೈಬಲ್ಲಿನ ಭಾಗಗಳನ್ನು ಗುರುಗಳು ತಮಗೆ ತೋಚಿದಂತೆ ಆರಿಸಿಕೊಳ್ಳುತ್ತಾರೆಂದು ಹೊರಗಿನವರು ಭಾವಿಸುವುದುಂಟು. ಬಹಳಷ್ಟು ಸಭೆಗಳಲ್ಲಿ ಹಾಗಲ್ಲ, ಅದಕ್ಕೊಂದು ವಾಚನಕ್ರಮವಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, 1969ರಲ್ಲಿ, ಕಥೋಲಿಕ ಸಭೆ ಮೂರು ವರ್ಷಗಳ ಆವರ್ತನೆಯೊಂದನ್ನು ಏರ್ಪಡಿಸಿತು. ಮೊದಲ ವರ್ಷ ಮತ್ತಾಯ, ಎರಡನೆಯ ವರ್ಷ ಮಾರ್ಕ, ಮೂರನೆಯ ವರ್ಷ ಲೂಕ. ಇದೇ ಮಾದರಿಯಲ್ಲಿ ಹಲವು ಪ್ರಾಟೆಸ್ಟಂಟ್ ಸಭೆಗಳು ಬಳಸುವ ಕ್ರಮವೊಂದು 1992ರಲ್ಲಿ ಪ್ರಕಟವಾಯಿತು. ಹಳೆಯ ಒಡಂಬಡಿಕೆಯ ಒಂದು ಭಾಗ, ಒಂದು ಕೀರ್ತನೆ, ಪತ್ರಿಕೆಗಳಿಂದ ಒಂದು ಭಾಗ, ಕೊನೆಗೆ ಸುವಾರ್ತೆ: ಹೀಗೆ ಬೇರೆ ಬೇರೆ ಕಾಲದ ದನಿಗಳು ಒಂದೇ ಬೆಳಗಿನಲ್ಲಿ ಕಿವಿಗೆ ಬೀಳುತ್ತವೆ.

ಗಮಕವನ್ನು ಕೇಳಿ ಬೆಳೆದ ನಮಗೆ ವಾಚನದ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಒಬ್ಬನೇ ಕುಳಿತು ಓದುವವನು ಬೇಡವಾದ ಪುಟವನ್ನು ಮಗುಚಿಬಿಡಬಹುದು. ನೆರೆದವರ ನಡುವೆ ಕುಳಿತು ಕೇಳುವವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನಿಗೆ ಬೇಕಾದುದೂ ಬೇಡವಾದುದೂ ಸರದಿಯಂತೆ ಬಂದೇ ಬರುತ್ತವೆ.

ಲೂಕನ ವರ್ಷದಲ್ಲಿ, ಜುಲೈ ತಿಂಗಳ ನಡುವಿನ ಒಂದು ಭಾನುವಾರ, ಕಥೋಲಿಕ ಸಭೆಗಳಲ್ಲಿ ಧರ್ಮೋಪದೇಶಕಾಂಡದ ಮೂವತ್ತನೆಯ ಅಧ್ಯಾಯವನ್ನು ಓದುತ್ತಾರೆ. ದೇವರ ಆಜ್ಞೆ ಆಕಾಶದಲ್ಲಿಲ್ಲ, ಕಡಲಾಚೆಗೂ ಇಲ್ಲ, ಯಾರೋ ಹೋಗಿ ತರಬೇಕಾದ ವಸ್ತುವಲ್ಲ. ಅದು ನಿನ್ನ ಬಾಯಲ್ಲಿ, ನಿನ್ನ ಎದೆಯಲ್ಲಿ ಇದೆ ಎಂಬುದು ಅಲ್ಲಿನ ಮಾತಿನ ಸಾರ. ಅದೇ ದಿನದ ಸುವಾರ್ತೆ ಲೂಕನ ಹತ್ತನೆಯ ಅಧ್ಯಾಯದ ಒಳ್ಳೆಯ ಸಮಾರ್ಯದವನ ಕಥೆ. ಹತ್ತಿರದ ಮಾತು, ಹತ್ತಿರದ ಮನುಷ್ಯ: ಈ ಎರಡನ್ನೂ ಒಂದೇ ದಿನ ಇರಿಸಿದವರ ವಿವೇಕವನ್ನು ನಾನು ಮೆಚ್ಚುತ್ತೇನೆ.

ಕಥೆ ತಿಳಿದದ್ದೆ. ಯೆರೂಸಲೇಮ್ ಎತ್ತರದ ಬೆಟ್ಟದ ನಗರ. ಯೆರಿಕೋ ಸಮುದ್ರಮಟ್ಟಕ್ಕಿಂತ ಕೆಳಗಿರುವ ಊರು. ನಡುವೆ ಸುಮಾರು 1000 ಮೀಟರುಗಳಷ್ಟು ಇಳಿಯುವ ನಿರ್ಜನ ದಾರಿ. ಅಲ್ಲಿ ಕಳ್ಳರ ಕೈಗೆ ಸಿಕ್ಕವನೊಬ್ಬ ಅರೆಜೀವವಾಗಿ ಬಿದ್ದಿದ್ದಾನೆ. ಯಾಜಕನೊಬ್ಬ ಕಂಡು ಸರಿದುಹೋದ. ಲೇವಿಯನೂ ಹಾಗೆಯೇ ಮಾಡಿದ. ಹೆಣದ ಮೈಲಿಗೆಗೆ ಅಂಜಿದರೆಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಕಥೆ ಆ ಕಾರಣವನ್ನು ಕೊಡುವುದಿಲ್ಲ. ಯಾಜಕನು ಯೆರೂಸಲೇಮಿನಿಂದ ಇಳಿದು ಬರುತ್ತಿದ್ದವನು, ದೇವಾಲಯದ ಸೇವೆಗೆ ಹೊರಟವನಲ್ಲ. ಯೆಹೂದ್ಯ ಧರ್ಮವನ್ನು ಹಳಿಯಲು ಈ ಕಥೆಯನ್ನು ಬಳಸುವವರು ಒಂದನ್ನು ಮರೆಯುತ್ತಾರೆ: ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆ ಯೆಹೂದ್ಯರ ಧರ್ಮಶಾಸ್ತ್ರದ್ದೇ. ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಅದಿದೆ; ಪರದೇಶದಿಂದ ಬಂದು ನೆಲೆಸಿದವನನ್ನೂ ಪ್ರೀತಿಸಬೇಕೆಂಬ ಮಾತು ಅದೇ ಅಧ್ಯಾಯದಲ್ಲಿದೆ.

ಕೊನೆಗೆ ಬಂದವನು ಸಮಾರ್ಯದವನು. ಅವನ ಜನ ಗೆರಿಜೀಮ್ ಬೆಟ್ಟವನ್ನು ಪವಿತ್ರವೆಂದು ನಂಬಿದವರು. ಯೆಹೂದ್ಯರಿಗೂ ಅವರಿಗೂ ಹಳೆಯ ಹಗೆ. ಕಂಡಾಗ ಅವನ ಮನಸ್ಸಿಗೆ ಆದದ್ದನ್ನು ಹೇಳಲು ಲೂಕನು ಬಳಸಿದ ಗ್ರೀಕ್ ಕ್ರಿಯಾಪದ ಕರುಳು ಎಂಬ ಅರ್ಥದ ಶಬ್ದದಿಂದ ಹುಟ್ಟಿದ್ದು. ಕನ್ನಡ ಬೈಬಲ್ಲಿನಲ್ಲಿ 'ಕನಿಕರ' ಎಂದಿದೆ. ಅದು ತಪ್ಪಲ್ಲ, ಆದರೆ ನಮ್ಮ ಹಳ್ಳಿಯ ಹೆಂಗಸು 'ಕರುಳು ಚುರುಕ್ಕೆಂದಿತು' ಎನ್ನುವಾಗ ಮೂಲಕ್ಕೆ ಇನ್ನೂ ಸಮೀಪಕ್ಕೆ ಬರುತ್ತಾಳೆ. ಕರುಳಿನ ನೋವು ಅಲ್ಲಿಗೇ ನಿಲ್ಲಲಿಲ್ಲ. ಎಣ್ಣೆ, ದ್ರಾಕ್ಷಾರಸ, ಪಟ್ಟಿ, ತನ್ನ ಸವಾರಿಯ ಪ್ರಾಣಿ, ಛತ್ರ, ಎರಡು ದಿನದ ಕೂಲಿಯಷ್ಟು ಹಣ, ಮೇಲೆ ಬಿದ್ದ ಖರ್ಚಿಗೆ ಮತ್ತೆ ಬಂದು ಕೊಡುವ ಮಾತು. ಲೂಕನು ಒಂದನ್ನೂ ಬಿಡದೆ ಲೆಕ್ಕ ಕೊಡುತ್ತಾನೆ.

ಧರ್ಮಶಾಸ್ತ್ರಿ ಕೇಳಿದ್ದು, ನನ್ನ ನೆರೆಯವನು ಯಾರು ಎಂದು. ಯೇಸು ಮರಳಿ ಕೇಳಿದ್ದು, ಬಿದ್ದವನಿಗೆ ಈ ಮೂವರಲ್ಲಿ ಯಾರು ನೆರೆಯವನಾದನು ಎಂದು. 'ಯಾರು' ಎಂಬಲ್ಲಿಂದ 'ಆದನು' ಎಂಬಲ್ಲಿಗೆ ಪ್ರಶ್ನೆ ತಿರುಗಿತು. ಕನ್ನಡದಲ್ಲಿ 'ನೆರೆ' ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಪಕ್ಕದಲ್ಲಿರುವುದೂ ನೆರೆ, ಕೂಡುವುದೂ ನೆರೆ. ಎರಡರ ವ್ಯುತ್ಪತ್ತಿ ಒಂದೇ ಎಂದು ನಾನು ವಾದಿಸುವುದಿಲ್ಲ. ಕಿವಿಗೆ ಮಾತ್ರ ಎರಡೂ ಒಟ್ಟಿಗೆ ಕೇಳಿಸುತ್ತವೆ.

ಉತ್ತರ ಕೊಡುವಾಗ ಆ ಶಾಸ್ತ್ರಿ 'ಸಮಾರ್ಯದವನು' ಎಂಬ ಹೆಸರನ್ನು ಎತ್ತಲಿಲ್ಲ. ದಯೆ ತೋರಿಸಿದವನು ಎಂದಷ್ಟೇ ಅಂದನು. ಈ ಸಂಕೋಚದ ಪರಿಚಯ ನಮಗಿಲ್ಲವೆ? ಬಾಡಿಗೆಗೆ ಮನೆ ಕೇಳಿ ಬಂದವರ ಹೆಸರಿನಲ್ಲಿ ಅವರ ಜಾತಿಯನ್ನು ಹುಡುಕುವ ನಮ್ಮ ಬೀದಿಗಳಲ್ಲಿ, ಆರಾಧನೆ ಮುಗಿಸಿ ಬಂದ ಕ್ರೈಸ್ತರ ಮನೆಗಳಲ್ಲಿಯೂ, ಆ ಪ್ರಶ್ನೆ ಇನ್ನೂ ಜೀವಂತವಾಗಿದೆ.

ಪ್ರಾಯದಲ್ಲಿ ಈ ಕಥೆಯನ್ನು ಕೇಳುವಾಗ ನಾವು ಸಮಾರ್ಯದವನ ಜಾಗದಲ್ಲಿ ನಿಂತಿರುತ್ತೇವೆ. ಅರುವತ್ತು ದಾಟಿದ ಮೇಲೆ ದಾರಿಯ ಬದಿಯಲ್ಲಿ ಬಿದ್ದವನ ಜಾಗದಿಂದಲೂ ಅದು ಕೇಳಿಸತೊಡಗುತ್ತದೆ. ನಾಳೆ ನಾನು ಬಿದ್ದಾಗ, ನಾನು ಈವರೆಗೆ ಹೊಸ್ತಿಲ ಆಚೆಯೇ ನಿಲ್ಲಿಸಿದವನ ಕೈ ಬಂದರೆ, ಅದನ್ನು ಹಿಡಿಯುವ ಮನಸ್ಸು ನನಗಿದೆಯೆ? ಕೊಡುವವನಿಗೆ ಬೇಕಾದುದು ದಯೆ. ಪಡೆಯುವವನಿಗೆ ಬೇಕಾದುದು ವಿನಯ. ಎರಡನೆಯದೇ ಕಷ್ಟವೆಂದು ನನಗೆ ತೋರುತ್ತದೆ. ಇದಕ್ಕೆ ಉತ್ತರವನ್ನು ಕಡಲಾಚೆಯಿಂದ ಯಾರೂ ತಂದುಕೊಡಬೇಕಾಗಿಲ್ಲ. ಅದು ಪಕ್ಕದ ಮನೆಯ ಬಾಗಿಲಷ್ಟೇ ದೂರದಲ್ಲಿದೆ.